ಬಾವಿಯಲ್ಲಿ ಬೆಂಜೀನ್ ಇಳಿದಿದೆ ಅಂದ್ರೆ ಮಣ್ಣು ಅದನ್ನ ಅರಗಿಸ್ಕೊಂಡಿದೆ ಅಂತನಾ?

ಪ್ರಶ್ನೆ: ನಮ್ಮದು ಹಳೇ ಫ್ಯಾಕ್ಟರಿ, ನಾನು ಸೇಫ್ಟಿ ಮತ್ತು ಎನ್ವಿರಾನ್‌ಮೆಂಟ್ ವಿಭಾಗ ನೋಡ್ಕೊಳ್ತೀನಿ. ಮೂರು ವರ್ಷದ ಹಿಂದೆ ನೆಲದೊಳಗಿನ ಪೆಟ್ರೋಲ್ ಟ್ಯಾಂಕ್ ಕಿತ್ತಾಗ ಅದು ಎಷ್ಟೋ ಕಾಲದಿಂದ ಸೋರ್ತಾ ಇತ್ತು ಅಂತ ಗೊತ್ತಾಯ್ತು, ಪಕ್ಕದ ಡೀಸೆಲ್ ಲೈನ್ ಕೂಡ ಲೀಕ್ ಇತ್ತು. ಐದು ಮಾನಿಟರಿಂಗ್ ಬಾವಿ ಹಾಕ್ಸಿ ಎರಡು ವರ್ಷದಲ್ಲಿ ಆರು ಸಲ ಸ್ಯಾಂಪಲ್ ತೆಗ್ಸಿದ್ವಿ. ಟ್ಯಾಂಕ್ ಇದ್ದ ಜಾಗದ 2ನೇ ಬಾವಿಯಲ್ಲಿ ಪೆಟ್ರೋಲ್‌ನಲ್ಲಿರೋ ಬೆಂಜೀನ್ ಅಂಶ ಲೀಟರಿಗೆ 4,000 ಮೈಕ್ರೋಗ್ರಾಂನಿಂದ 1,100ಕ್ಕೆ ಇಳಿದಿದೆ. 60 ಮೀಟರ್ ದೂರದ ಕಾಂಪೌಂಡ್ ಪಕ್ಕದ 5ನೇ ಬಾವಿಯಲ್ಲಿ ಮೊದಲು ಏನೂ ಇರ್ಲಿಲ್ಲ, ಕೊನೇ ಸಲ 12 ಬಂದಿದೆ, ಅದು ಲ್ಯಾಬ್ ಎರರ್ ಇರ್ಬಹುದು ಅಂತ ಕನ್ಸಲ್ಟೆಂಟ್ ಹೇಳ್ತಾರೆ. ಅವರ ರಿಪೋರ್ಟ್ ಪ್ರಕಾರ ಪ್ರಕೃತಿನೇ ಕ್ಲೀನ್ ಮಾಡ್ತಾ ಇದೆ, ಅರ್ಧಾಯುಷ್ಯ ಅಂದ್ರೆ ಅರ್ಧಕ್ಕೆ ಇಳಿಯೋ ಕಾಲ ಸುಮಾರು ಒಂದು ವರ್ಷ, ಇನ್ನು ಎಂಟೊಂಬತ್ತು ವರ್ಷದಲ್ಲಿ 5ಕ್ಕಿಂತ ಕೆಳಗೆ ಬರತ್ತೆ, ಅಗೆಯೋದು ಬೇಡ, ಮಾನಿಟರ್ ಮಾಡಿದ್ರೆ ಸಾಕು ಅಂತ. ಕಾಂಪೌಂಡ್ ಆಚೆ 150 ಮೀಟರ್‌ಗೆ ಕುಡಿಯೋ ನೀರಿನ ಬೋರ್‌ವೆಲ್ ಇದೆ. ನಾನು ಈ ರಿಪೋರ್ಟಿಗೆ ಸಹಿ ಹಾಕ್ಬಹುದಾ?

ಉತ್ತರ: ಈಗಲೇ ಹಾಕ್ಬೇಡಿ. ಕನ್ಸಲ್ಟೆಂಟ್ ಹೇಳಿದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ, ಪೆಟ್ರೋಲ್ ಡೀಸೆಲ್ ವಿಷಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ನಿಜವಾಗ್ಲೂ ದೊಡ್ಡ ಕೆಲಸ ಮಾಡ್ತವೆ, ಎಷ್ಟೋ ಸೈಟ್‌ಗಳಲ್ಲಿ ಅದೇ ಸರಿಯಾದ ದಾರಿ ಕೂಡ. ಆದ್ರೆ ನೀವು ಬರೆದಿರೋ ಅಂಕಿಗಳಿಂದ ಅದು ಸಾಬೀತಾಗಲ್ಲ. ಒಂದು ಬಾವಿಯಲ್ಲಿ ನಂಬರ್ ಇಳಿದಿದೆ ಅಂದ್ರೆ ಅಷ್ಟು ಬೆಂಜೀನ್ ಈಗ ಅಲ್ಲಿಲ್ಲ ಅಂತ ಅಷ್ಟೇ ಅರ್ಥ, ಅದು ಎಲ್ಲಿಗೆ ಹೋಯ್ತು ಅನ್ನೋದು ಬೇರೆ ಪ್ರಶ್ನೆ. ಕೊಳೆತು ಕಾರ್ಬನ್ ಡೈಆಕ್ಸೈಡ್ ಆಗಿರ್ಬಹುದು, ನೀರು ಜಾಸ್ತಿಯಾಗಿ ತೆಳುವಾಗಿರ್ಬಹುದು, ಮಣ್ಣಿಗೆ ಅಂಟಿರ್ಬಹುದು, ಆವಿಯಾಗಿ ಮೇಲೆ ಹೋಗಿರ್ಬಹುದು, ಇಲ್ಲಾಂದ್ರೆ ಸುಮ್ನೆ ಹರ್ಕೊಂಡು 5ನೇ ಬಾವಿ ಕಡೆ ಹೋಗಿರ್ಬಹುದು. ನನ್ನನ್ನ ಕೇಳಿದ್ರೆ ನಿಮ್ಮ ಇಡೀ ಟೇಬಲ್‌ನಲ್ಲಿ ಅತ್ಯಂತ ಮುಖ್ಯವಾದ ನಂಬರ್ ಆ 4,000ವೂ ಅಲ್ಲ 1,100ವೂ ಅಲ್ಲ, ಆ 12.

ಅದನ್ನ ಲ್ಯಾಬ್ ಎರರ್ ಅಂತ ತಳ್ಳಿಹಾಕೋ ಮುಂಚೆ ಮಾಡ್ಬೇಕಾದ ಕೆಲಸ ತುಂಬಾ ಸರಳ. ಆ ಬ್ಯಾಚಿನ ಟ್ರಿಪ್ ಬ್ಲ್ಯಾಂಕ್, ಫೀಲ್ಡ್ ಬ್ಲ್ಯಾಂಕ್ ರಿಸಲ್ಟ್ ಕೇಳಿ. ಅಂದ್ರೆ ಶುದ್ಧ ನೀರು ತುಂಬಿದ ಬಾಟಲಿ ನಿಮ್ಮ ಸ್ಯಾಂಪಲ್ ಜೊತೆನೇ ಡಬ್ಬದಲ್ಲಿ ಓಡಾಡಿರ್ಬೇಕು, ಅದರಲ್ಲೂ ಬೆಂಜೀನ್ ಬಂದಿದ್ರೆ ಎರರ್ ಅಂತ ಒಪ್ಕೋಬಹುದು. ಬ್ಲ್ಯಾಂಕ್ ಕ್ಲೀನ್ ಇದ್ರೆ, ಅಥವಾ ಬ್ಲ್ಯಾಂಕೇ ಕಳ್ಸಿಲ್ಲ ಅಂದ್ರೆ, ಎರಡು ವಾರದೊಳಗೆ ಆ ಬಾವಿಯಿಂದ ಮತ್ತೆ ಎರಡು ಜೋಡಿ ಸ್ಯಾಂಪಲ್ ತೆಗೆಸಿ. ಮುಂದಿನ ರೌಂಡ್ ತನಕ ಕಾಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಹೇಳೋದು ಲೀಟರಿಗೆ 10 ಮೈಕ್ರೋಗ್ರಾಂ, ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮಿತಿ 5, ರಿಪೋರ್ಟಿನವರು ಗುರಿ ಇಟ್ಕೊಂಡಿರೋದೂ ಅದೇ 5. ಬೆಂಜೀನ್ ಮನುಷ್ಯರಿಗೆ ಕ್ಯಾನ್ಸರ್ ತರತ್ತೆ ಅಂತ ಖಚಿತವಾಗಿರೋ ವಸ್ತು, ಆಚೆ ಕಡೆ ಯಾರೋ ಆ ನೀರು ಕುಡೀತಾ ಇದಾರೆ, ಇದರಲ್ಲಿ ಅನುಮಾನದ ಲಾಭ ನಾವು ತಗೋಬಾರ್ದು. ಜೊತೆಗೇ ಆ ಬೋರ್‌ವೆಲ್ ನೀರನ್ನೂ ಈಗಲೇ ಟೆಸ್ಟ್ ಮಾಡ್ಸಿ, ದಿನಕ್ಕೆ ಎಷ್ಟು ಹೊತ್ತು ಪಂಪ್ ಓಡತ್ತೆ ಅಂತ ವಿಚಾರಿಸಿ. ಪಂಪ್ ಓಡೋ ಬೋರ್‌ವೆಲ್ ಸುಮ್ನೆ ನಿಂತಿರೋ ಬಾವಿ ಥರ ಅಲ್ಲ, ಅದು ಸುತ್ತಲಿನ ನೀರನ್ನ ತನ್ನ ಕಡೆ ಎಳ್ಕೊಳ್ಳತ್ತೆ, ನೀರಿನ ಸಹಜ ದಿಕ್ಕನ್ನೇ ತಿರುಗಿಸಿಬಿಡ್ಬಹುದು.

ಈಗ ನಿಮ್ಮ ಹತ್ರ ಆಗ್ಲೇ ಇರೋ ಡೇಟಾದಿಂದಲೇ ತಿಳಿಯೋ ಒಂದು ವಿಷಯ ಹೇಳ್ತೀನಿ, ಇದನ್ನ ಬಹಳ ಜನ ನೋಡೋದೇ ಇಲ್ಲ. ಲ್ಯಾಬಿನವರು ಬೆಂಜೀನ್ ಒಂದನ್ನೇ ಕೊಟ್ಟಿರಲ್ಲ, ಟಾಲೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ನಾಲ್ಕನ್ನೂ ಸೇರಿಸಿ ಬಿಟೆಕ್ಸ್ ಅಂತ ಕೊಟ್ಟಿರ್ತಾರೆ. 2ನೇ ಬಾವಿಯಲ್ಲಿ ಆ ನಾಲ್ಕೂ ಯಾವ ಅನುಪಾತದಲ್ಲಿ ಇಳಿದಿವೆ ನೋಡಿ. ನೀರಲ್ಲಿ ಕರಗೋ ಶಕ್ತಿಯಲ್ಲಿ ಬೆಂಜೀನ್ ಎಲ್ಲಕ್ಕಿಂತ ಮುಂದೆ, ಅದೊಂದೇ ಇದ್ರೆ ಲೀಟರಿಗೆ ಸುಮಾರು 1,780 ಮಿಲಿಗ್ರಾಂ ಕರಗತ್ತೆ, ಟಾಲೀನ್ 500ರ ಆಸುಪಾಸು, ಕ್ಸೈಲೀನ್ 200ಕ್ಕಿಂತ ಕಮ್ಮಿ. ಹಾಗಾಗಿ ಮಣ್ಣಲ್ಲಿ ಸಿಕ್ಕಾಕೊಂಡಿರೋ ಪೆಟ್ರೋಲನ್ನ ನೀರು ತೊಳೀತಾ ಹೋದ್ರೆ ಮೊದಲು ಖಾಲಿಯಾಗೋದು ಬೆಂಜೀನ್, ಕ್ಸೈಲೀನ್ ಹಾಗೇ ಉಳ್ಕೊಂಡಿರತ್ತೆ. ಇದು ಬಟ್ಟೆ ನೆನೆಸಿಟ್ರೆ ಬಣ್ಣ ಬಿಟ್ಟ ಹಾಗೆ, ಬಟ್ಟೆಯಲ್ಲಿ ಬಣ್ಣ ಕಮ್ಮಿಯಾಯ್ತು ನಿಜ, ಆದ್ರೆ ಅದು ಬಕೆಟ್ ನೀರಲ್ಲೇ ಇದೆ. ಅದೇ ಆಕ್ಸಿಜನ್ ಇಲ್ಲದ ಮಣ್ಣಲ್ಲಿ ಜೀವಿಗಳು ತಿನ್ನೋಕೆ ಶುರು ಮಾಡಿದ್ರೆ ಸಾಮಾನ್ಯವಾಗಿ ಮೊದಲು ಹೋಗೋದು ಟಾಲೀನ್, ಬೆಂಜೀನ್ ಹಠ ಹಿಡಿದು ಕೊನೇ ತನಕ ನಿಲ್ಲತ್ತೆ. ನಿಮ್ಮ ಟೇಬಲ್‌ನಲ್ಲಿ ಬೆಂಜೀನ್ ಕಾಲು ಭಾಗಕ್ಕೆ ಇಳಿದು ಕ್ಸೈಲೀನ್ ಅಷ್ಟೇ ಇದ್ರೆ, ಜೊತೆಗೆ 5ನೇ ಬಾವಿಯಲ್ಲಿ ಬೆಂಜೀನ್ ಕಾಣಿಸ್ಕೊಂಡಿದ್ರೆ, ನಾನು ಮೊದಲು ಅನುಮಾನ ಪಡೋದು ತೊಳೆದು ಹೋಗಿದೆ ಅಂತಲೇ. ಇದೊಂದರಿಂದಲೇ ತೀರ್ಪು ಕೊಡಕ್ಕಾಗಲ್ಲ, ಆದ್ರೆ ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ, ಇವತ್ತೇ ಮಾಡಿ.

ಆಮೇಲೆ ನೀರಿನ ಮಟ್ಟ. ಆರು ರೌಂಡಿನಲ್ಲೂ ಬಾವಿಯ ನೀರು ಎಷ್ಟು ಆಳದಲ್ಲಿತ್ತು ಅಂತ ಬರ್ಕೊಂಡಿದಾರಾ? ಪೆಟ್ರೋಲ್ ನೀರಿಗಿಂತ ಹಗುರ, ಅದು ಅಂತರ್ಜಲದ ಮೇಲೆ ತೇಲತ್ತೆ, ನೀರು ಏರಿಳಿದ ಹಾಗೆಲ್ಲ ಅದೂ ಮಣ್ಣಿಗೆ ಮೆತ್ಕೊಂಡು ಒಂದೆರಡು ಮೀಟರ್ ದಪ್ಪದ ಕೊಳಕು ಪಟ್ಟಿ ಮಾಡತ್ತೆ. ಮಳೆ ಬಂದು ನೀರು ಮೇಲೇರಿದಾಗ ಆ ಪಟ್ಟಿ ಮುಳುಗಿ ಹೋಗತ್ತೆ, ಬಾವಿಯಲ್ಲಿ ತೇಲ್ತಿದ್ದ ಎಣ್ಣೆ ಪದರ ಮಾಯ ಆಗತ್ತೆ, ಬಾವಿಯ ಜಾಲರಿ ಪೈಪ್ ಪೂರ್ತಿ ನೀರೊಳಗೆ ಹೋಗಿಬಿಟ್ರೆ ಎಣ್ಣೆಗೆ ಒಳಗೆ ಬರೋಕೆ ದಾರಿನೇ ಇರಲ್ಲ. ಇದನ್ನ ನಾನು ಕಣ್ಣಾರೆ ನೋಡಿದೀನಿ, ಒಂದು ಸೈಟ್‌ನಲ್ಲಿ ಎಲ್ಲರೂ ಎಣ್ಣೆ ಮುಗೀತು ಅಂತ ಖುಷಿಯಲ್ಲಿದ್ರು, ರಿಪೋರ್ಟೂ ರೆಡಿ ಆಗಿತ್ತು, ಬೇಸಿಗೆಯಲ್ಲಿ ನೀರು ಎರಡು ಮೀಟರ್ ಇಳಿದ ಮೇಲೆ ಅದೇ ಬಾವಿಯಲ್ಲಿ ಒಂದು ಗೇಣು ಎಣ್ಣೆ ವಾಪಸ್ ಬಂತು. ನಿಮ್ಮ 4,000 ಬೇಸಿಗೆ ಕೊನೇದು, 1,100 ಮಳೆಗಾಲ ಮುಗಿದ ಮೇಲಿನದು ಅಂತಾದ್ರೆ ಅವೆರಡನ್ನ ಪಕ್ಕ ಪಕ್ಕ ಇಟ್ಟು ಗೆರೆ ಎಳೆಯೋದೇ ತಪ್ಪು. ಒಂದೇ ಋತುವಿನದ್ದನ್ನ ಒಂದೇ ಋತುವಿಗೆ ಹೋಲಿಸ್ಬೇಕು, ಆರು ರೌಂಡ್ ಅದಕ್ಕೆ ಸಾಲೋದೇ ಇಲ್ಲ, ಮೂರು ತಿಂಗಳಿಗೊಂದು ಸಲದಂತೆ ಕನಿಷ್ಠ ಎರಡು ವರ್ಷ ಬಿಡದೇ ಎಂಟು ರೌಂಡ್ ಇದ್ರೆ ಆಮೇಲೆ ಮಾನ್-ಕೆಂಡಾಲ್ ಥರದ ಸಂಖ್ಯಾಶಾಸ್ತ್ರದ ಟೆಸ್ಟ್ ಹಾಕಿ ಇಳಿಕೆ ನಿಜವೋ ಏರಿಳಿತವೋ ಅಂತ ಹೇಳೋಕೆ ಸ್ವಲ್ಪ ಧೈರ್ಯ ಬರತ್ತೆ.

ಇನ್ನು ಜೀವಿಗಳ ವಿಷಯ, ಇಲ್ಲೇ ನಿಜವಾದ ಸಾಕ್ಷಿ ಇರೋದು. ಹೈಡ್ರೋಕಾರ್ಬನ್ ತಿನ್ನೋ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಎಲ್ಲಾ ಮಣ್ಣಲ್ಲೂ ಇರ್ತವೆ, ಇಂಧನ ಬಿದ್ದ ಕಡೆ ತಾವೇ ಹೆಚ್ಕೊಳ್ತವೆ, ಅದಕ್ಕೇ ಯಾರಾದ್ರೂ ಬ್ಯಾಕ್ಟೀರಿಯಾ ಪೌಡರ್ ತಂದು ಸುರಿದ್ರೆ ಆಗತ್ತೆ ಅಂದ್ರೆ ನಾನು ಮೊದಲು ಬೇಡ ಅಂತೀನಿ. ಅವುಗಳಿಗೆ ಕೊರತೆ ಇರೋದು ಊಟದ್ದಲ್ಲ, ಉಸಿರಿನದು. ನಾವು ಅನ್ನ ತಿಂದು ಆಕ್ಸಿಜನ್ ಉಸಿರಾಡಿದ ಹಾಗೆ ಅವು ಬೆಂಜೀನ್ ತಿಂದು ಆಕ್ಸಿಜನ್ ಉಸಿರಾಡ್ತವೆ. ಒಂದು ಮಿಲಿಗ್ರಾಂ ಬೆಂಜೀನ್ ಪೂರ್ತಿ ಒಡೆಯೋಕೆ ಸುಮಾರು 3.1 ಮಿಲಿಗ್ರಾಂ ಆಕ್ಸಿಜನ್ ಬೇಕು, ಅಂತರ್ಜಲದಲ್ಲಿ ಇರೋದೇ ಹೆಚ್ಚಂದ್ರೆ ಲೀಟರಿಗೆ ಎಂಟೊಂಬತ್ತು, ಹಾಗಾಗಿ ಸೋರಿದ ಜಾಗದ ನಡುಮಧ್ಯದಲ್ಲಿ ಆಕ್ಸಿಜನ್ ಬೇಗ ಖಾಲಿ. ಆಗ ಕೆಲವು ಜೀವಿಗಳು ನೈಟ್ರೇಟ್ ಉಸಿರಾಡೋಕೆ ಶುರು ಮಾಡ್ತವೆ, ಆಮೇಲೆ ಮ್ಯಾಂಗನೀಸ್, ಆಮೇಲೆ ಮಣ್ಣಿನ ತುಕ್ಕು ಅಂದ್ರೆ ಐರನ್, ಆಮೇಲೆ ಸಲ್ಫೇಟ್, ಏನೂ ಉಳೀದಿದ್ದಾಗ ಕೊನೆಗೆ ಮೀಥೇನ್ ಹುಟ್ಟತ್ತೆ. ಈ ಒಂದೊಂದು ಹಂತವೂ ನೀರಲ್ಲಿ ಹೆಜ್ಜೆ ಗುರುತು ಬಿಟ್ಟು ಹೋಗತ್ತೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2000ನೇ ಇಸವಿಯಲ್ಲಿ ಇದರ ಮೇಲೆ ದೊಡ್ಡ ವರದಿ ಕೊಡ್ತು, ಅದರಲ್ಲೂ ಒತ್ತಿ ಹೇಳಿದ್ದು ಇದನ್ನೇ, ಮಾಲಿನ್ಯದ ನಂಬರ್ ಇಳಿದ್ರೆ ಸಾಲದು, ಒಡೆಯೋ ಪ್ರಕ್ರಿಯೆಯ ಹೆಜ್ಜೆ ಗುರುತು ತೋರಿಸ್ಬೇಕು ಅಂತ.

ಆದ್ರೆ ನಿಮ್ಮ ಲ್ಯಾಬ್ ಪಟ್ಟಿಯಲ್ಲಿ ಇವು ಯಾವುದರ ಸುದ್ದಿನೂ ಇಲ್ಲ ಅನ್ಸತ್ತೆ, ನೀವು ಬರ್ದಿರೋದೆಲ್ಲ ಬೆಂಜೀನ್ ಬಗ್ಗೆನೇ. ಹಾಗಾಗಿ ಮುಂದಿನ ಸ್ಯಾಂಪಲಿಂಗ್‌ನಲ್ಲಿ ಕರಗಿದ ಆಕ್ಸಿಜನ್, ನೈಟ್ರೇಟ್, ಕರಗಿದ ಐರನ್, ಮ್ಯಾಂಗನೀಸ್, ಸಲ್ಫೇಟ್, ಮೀಥೇನ್, ಆಲ್ಕಲಿನಿಟಿ, ಪಿಎಚ್ ಇಷ್ಟೂ ಸೇರಿಸಿ. ಐದೂ ಬಾವಿಯಲ್ಲಿ ಮಾಡ್ಬೇಕು, ಮುಖ್ಯವಾಗಿ ನೀರು ಬರೋ ಕಡೆ ಇರೋ, ಮಾಲಿನ್ಯ ಮುಟ್ಟದ ಬಾವಿಯಲ್ಲಿ. ಅದಿಲ್ಲದೇ ಹೋದ್ರೆ ಹೋಲಿಸೋಕೆ ಏನೂ ಇರಲ್ಲ. ಲೆಕ್ಕ ಹೇಗೆ ಬರತ್ತೆ ಅಂತ ಒಂದು ಉದಾಹರಣೆ ಇಟ್ಕೊಳ್ಳಿ, ಇವು ನಿಮ್ಮ ಸೈಟಿನ ಅಂಕಿ ಅಲ್ಲ. ಹೊರಗಿನ ಶುದ್ಧ ಬಾವಿಯಲ್ಲಿ ಲೀಟರಿಗೆ ಆಕ್ಸಿಜನ್ 6 ಮಿಲಿಗ್ರಾಂ, ನೈಟ್ರೇಟ್ 10, ಸಲ್ಫೇಟ್ 60 ಇದೆ, ಒಳಗಿನ ಬಾವಿಯಲ್ಲಿ ಆಕ್ಸಿಜನ್ 0.5, ನೈಟ್ರೇಟ್ ಸೊನ್ನೆ, ಸಲ್ಫೇಟ್ 5, ಹೊಸದಾಗಿ ಐರನ್ 20, ಮೀಥೇನ್ 5 ಕಾಣಿಸ್ತಿದೆ. ಆಕ್ಸಿಜನ್ ಖರ್ಚಾಗಿದ್ದು 5.5, ಅದನ್ನ 3.1ರಿಂದ ಭಾಗಿಸಿದ್ರೆ 1.8 ಮಿಲಿಗ್ರಾಂ ಬೆಂಜೀನ್. ನೈಟ್ರೇಟ್‌ಗೆ ಭಾಜಕ, ಅಂದ್ರೆ ಒಂದು ಮಿಲಿಗ್ರಾಂ ಬೆಂಜೀನ್ ಒಡೆದಾಗ ಖರ್ಚಾಗೋ ಇಲ್ಲಾ ಹುಟ್ಟೋ ಪ್ರಮಾಣ, 4.8, ಬರೋದು 2.1. ಸಲ್ಫೇಟ್‌ಗೆ 4.6, ಬರೋದು 12. ಐರನ್‌ಗೆ 21.5, ಬರೋದು ಬರೀ 0.9. ಮೀಥೇನ್‌ಗೆ 0.77, ಬರೋದು 6.5. ಎಲ್ಲಾ ಕೂಡಿದ್ರೆ ಲೀಟರಿಗೆ 23 ಮಿಲಿಗ್ರಾಂ ಚಿಲ್ಲರೆ ಒಡೆಯೋ ಸಾಮರ್ಥ್ಯ. ಎಲ್ಲರೂ ಆಕ್ಸಿಜನ್ ಆಕ್ಸಿಜನ್ ಅಂತಾರೆ, ಆದ್ರೆ ಈ ಲೆಕ್ಕದಲ್ಲಿ ಅದರ ಪಾಲು ಹತ್ತರಲ್ಲಿ ಒಂದೂ ಇಲ್ಲ, ಭಾರ ಹೊತ್ತಿರೋದು ಸಲ್ಫೇಟ್ ಮತ್ತು ಮೀಥೇನ್, ಎಷ್ಟೋ ಸೈಟ್‌ಗಳಲ್ಲಿ ಹೀಗೇ ಆಗತ್ತೆ. ಒಂದು ಎಚ್ಚರ ಏನಂದ್ರೆ ಆ 23 ಬೆಂಜೀನ್ ಒಂದಕ್ಕೇ ಮೀಸಲಲ್ಲ, ಡೀಸೆಲ್‌ನಿಂದ ಕರಗಿದ್ದು, ಟಾಲೀನ್, ಕ್ಸೈಲೀನ್ ಎಲ್ಲಾ ಅದರಲ್ಲೇ ಪಾಲು ಕೇಳ್ತವೆ. ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆಸಿದ್ರೆ ಇನ್ನೂ ಕಷ್ಟ, ಜೀವಿಗಳಿಗೆ ಎಥನಾಲ್ ಸುಲಭದ ಊಟ, ಅವು ಅದನ್ನೇ ಮೊದಲು ಮುಗಿಸಿ ಇರೋ ಬರೋ ಆಕ್ಸಿಜನ್ ಸಲ್ಫೇಟ್ ಎಲ್ಲಾ ಖರ್ಚು ಮಾಡಿಬಿಡ್ತವೆ, ಬೆಂಜೀನ್ ಅಷ್ಟು ಹೊತ್ತಿಗೆ ಇನ್ನಷ್ಟು ದೂರ ಹೋಗಿರತ್ತೆ. ನಿಮ್ಮ ಟ್ಯಾಂಕಿನಲ್ಲಿ ಕೊನೇ ವರ್ಷಗಳಲ್ಲಿ ಯಾವ ಪೆಟ್ರೋಲ್ ಇತ್ತು ಅಂತ ಸ್ಟೋರ್ಸ್ ರಿಜಿಸ್ಟರ್ ನೋಡಿ ಖಾತ್ರಿ ಮಾಡ್ಕೊಳ್ಳಿ. ಆಕ್ಟೇನ್ ಹೆಚ್ಚಿಸೋಕೆ ಹಾಕೋ ಎಂಟಿಬಿಇ ಅನ್ನೋ ರಾಸಾಯನಿಕ ಬೆರೆಸಿದ ಪೆಟ್ರೋಲ್ ಇದ್ದಿದ್ರೆ ಅದನ್ನೂ ಟೆಸ್ಟ್ ಪಟ್ಟಿಗೆ ಹಾಕಿ, ಅದು ನೀರಲ್ಲಿ ಸಿಕ್ಕಾಪಟ್ಟೆ ಕರಗತ್ತೆ, ಮಣ್ಣಿಗೆ ಅಂಟಲ್ಲ, ಒಡೆಯೋದೂ ನಿಧಾನ, ಬೆಂಜೀನ್‌ಗಿಂತ ಮುಂದೆ ಓಡತ್ತೆ.

ಸ್ಯಾಂಪಲ್ ತೆಗೆಯೋ ರೀತಿ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗೇ ಇರಿ. ಬೈಲರ್ ಬಕೆಟ್ ಬಿಟ್ಟು ಜಗ್ಗಿ ನೀರು ತೆಗೆದ್ರೆ ಗಾಳಿ ಬೆರೆತು ಆಕ್ಸಿಜನ್ ಸುಳ್ಳು ಹೇಳತ್ತೆ, ಬೆಂಜೀನ್ ಆವಿಯಾಗಿ ಕಮ್ಮಿ ತೋರ್ಸತ್ತೆ, ಎರಡೂ ಸೇರಿ ಎಲ್ಲಾ ಚೆನ್ನಾಗಿದೆ ಅನ್ನೋ ಚಿತ್ರ ಕೊಡ್ತವೆ. ನಿಮಿಷಕ್ಕೆ 100ರಿಂದ 500 ಮಿಲಿಲೀಟರ್ ವೇಗದಲ್ಲಿ ನಿಧಾನಕ್ಕೆ ಪಂಪ್ ಮಾಡಿ, ನೀರು ಗಾಳಿಗೆ ಸೋಕದ ಹಾಗೆ ಮೀಟರ್ ಮೂಲಕ ಹಾಯಿಸಿ, ರೀಡಿಂಗ್ ಸ್ಥಿರ ಆದ್ಮೇಲೆ ಬಾಟಲಿಗೆ ಹಿಡೀಬೇಕು. ಬೆಂಜೀನ್ ಬಾಟಲಿ 40 ಮಿಲಿಯದು, ಆಸಿಡ್ ಹಾಕಿದ್ದು, ಒಳಗೆ ಒಂದು ಗುಳ್ಳೆ ಗಾಳಿ ಕೂಡ ಇರಬಾರ್ದು, ಐಸ್‌ನಲ್ಲಿ ಇಟ್ಟು 14 ದಿನದೊಳಗೆ ಟೆಸ್ಟ್ ಆಗ್ಬೇಕು. ಐರನ್ ಟೆಸ್ಟಿನ ನೀರನ್ನ ಅಲ್ಲೇ ಫಿಲ್ಟರ್ ಮಾಡಿ ಆಸಿಡ್ ಹಾಕ್ಬೇಕು, ಇಲ್ಲಾಂದ್ರೆ ಬಾಟಲಿಯಲ್ಲೇ ತುಕ್ಕಾಗಿ ಕೂತ್ಕೊಳ್ಳತ್ತೆ. ಆ ದಿನ ನೀವೇ ಹೋಗಿ ನಿಂತು ನೋಡಿ ಅಂತ ನನ್ನ ಆಗ್ರಹ.

ಈಗ ಆ ಎಂಟೊಂಬತ್ತು ವರ್ಷದ ಲೆಕ್ಕಕ್ಕೆ ಬರೋಣ. ಎರಡು ವರ್ಷದಲ್ಲಿ 4,000ದಿಂದ 1,100 ಅಂದ್ರೆ ಅರ್ಧಾಯುಷ್ಯ 1.07 ವರ್ಷ, 1,100ರಿಂದ 5ಕ್ಕೆ ಇಳಿಯೋಕೆ 7.8 ಸಲ ಅರ್ಧ ಆಗ್ಬೇಕು, ಹಾಗಾಗಿ ಸುಮಾರು 8.3 ವರ್ಷ, ಗಣಿತ ಸರಿಯಾಗೇ ಇದೆ. ತಪ್ಪಿರೋದು ಅದನ್ನ ಏನು ಅಂತ ಓದಿದ್ರು ಅನ್ನೋದ್ರಲ್ಲಿ. ಒಂದೇ ಬಾವಿಯಲ್ಲಿ ಕಾಲದ ಜೊತೆ ಇಳಿಯೋ ವೇಗ ಆ ಜಾಗದ ಮೂಲ ಎಷ್ಟು ಬೇಗ ಬರಿದಾಗ್ತಿದೆ ಅಂತ ಹೇಳತ್ತೆ, ಅದರಲ್ಲಿ ತೊಳೆದು ಹೋಗಿದ್ದೂ ಸೇರಿರತ್ತೆ. ಪ್ಲೂಮ್, ಅಂದ್ರೆ ಮೂಲದಿಂದ ಮುಂದೆ ಹರಿದಿರೋ ಕೆಟ್ಟ ನೀರಿನ ಪಟ್ಟಿ, ಅದರ ಉದ್ದಕ್ಕೂ ದೂರದ ಜೊತೆ ಇಳಿಯೋ ವೇಗ ಬೇರೆ, ಅದು ಪ್ಲೂಮ್ ಎಲ್ಲಿ ತನಕ ಹೋಗಿ ನಿಲ್ಲತ್ತೆ ಅಂತ ಹೇಳತ್ತೆ, ಅದರಲ್ಲಿ ತೆಳುವಾಗಿದ್ದೂ ಸೇರಿರತ್ತೆ. ಜೀವಿಗಳು ಒಡೆಯೋ ವೇಗ ಅನ್ನೋದು ಮೂರನೇದು, ಅದು ಬೇಕಂದ್ರೆ ಬೇರೆ ಎಲ್ಲವನ್ನೂ ಕಳೀಬೇಕು. ಈ ಮೂರನ್ನೂ ಒಂದೇ ಅಂತ ಬಳಸಿಬಿಡೋದು ನಾನು ಅತೀ ಹೆಚ್ಚು ನೋಡೋ ತಪ್ಪು. ಅದಕ್ಕಿಂತ ಮುಖ್ಯವಾಗಿ, ಮಣ್ಣಲ್ಲಿ ಎಣ್ಣೆ ಇನ್ನೂ ಉಳಿದಿದ್ರೆ ಈ ಗೆರೆ ನೇರವಾಗಿ ಕೆಳಗೆ ಹೋಗಲ್ಲ, ಮೊದಲು ಚುರುಕಾಗಿ ಇಳಿದು ಆಮೇಲೆ ಬಾಲ ಎಳ್ಕೊಂಡು ನಿಲ್ಲತ್ತೆ. ಅರ್ಧಾಯುಷ್ಯ ಎರಡು ವರ್ಷ ಆದ್ರೆ 8 ಹೋಗಿ 15-16 ವರ್ಷ ಆಗತ್ತೆ, ನಾಲ್ಕಾದ್ರೆ 31. ನಿಮ್ಮ ಕನ್ಸಲ್ಟೆಂಟ್ ಹತ್ರ ಒಂದೇ ನಂಬರ್ ಬದಲು ಒಂದು ವ್ಯಾಪ್ತಿ ಕೇಳಿ, ಆರು ಬಿಂದುಗಳಿಂದ ಎಳೆದ ಗೆರೆಗೆ ಆ ವ್ಯಾಪ್ತಿ ಎಷ್ಟು ಅಗಲ ಇರತ್ತೆ ಅಂತ ನೀವೇ ನೋಡ್ತೀರಿ.

ನೀರಿನ ವೇಗವನ್ನೂ ಲೆಕ್ಕ ಹಾಕ್ಸಿ, ಅದು ಆ 12ಕ್ಕೆ ಉತ್ತರ ಕೊಡತ್ತೆ. ಮಣ್ಣು ನೀರನ್ನ ತನ್ನ ಮೂಲಕ ಹರಿಯೋಕೆ ಬಿಡೋ ಗುಣವನ್ನ ನೀರಿನ ಮಟ್ಟದ ಇಳಿಜಾರಿನಿಂದ ಗುಣಿಸಿ ಮಣ್ಣಿನ ರಂಧ್ರದ ಪ್ರಮಾಣದಿಂದ ಭಾಗಿಸೋದು, ಅಷ್ಟೇ. ಮರಳು ಮಣ್ಣಲ್ಲಿ ಆ ಗುಣ ದಿನಕ್ಕೆ 5 ಮೀಟರ್, ಇಳಿಜಾರು 0.005, ರಂಧ್ರ 0.25 ಅಂತ ಇಟ್ರೆ ದಿನಕ್ಕೆ 0.1 ಮೀಟರ್, ವರ್ಷಕ್ಕೆ 36 ಮೀಟರ್. ಬೆಂಜೀನ್ ಮಣ್ಣಿಗೆ ಸ್ವಲ್ಪ ಅಂಟ್ಕೊಂಡು ತಡವಾಗಿ ಹೋಗತ್ತೆ, ವರ್ಷಕ್ಕೆ ಇಪ್ಪತ್ತೆಂಟು ಮೂವತ್ತು ಅನ್ನಿ, ಹಾಗಾದ್ರೆ 60 ಮೀಟರ್‌ಗೆ ಎರಡು ವರ್ಷ. ನಿಮ್ಮ ಸೈಟಿನ ಲೆಕ್ಕವೂ ಇದರ ಹತ್ರ ಬಂದ್ರೆ ಆ 12ನ್ನ ಲ್ಯಾಬ್ ಎರರ್ ಅಂತ ತಳ್ಳಿಹಾಕೋಕಾಗಲ್ಲ, ಅದು ಮುಂಗಡ ಸೂಚನೆ ಇರ್ಬಹುದು. ಕೆಳಗೆ ಬಿರುಕು ಬಿಟ್ಟ ಬಂಡೆ ಇದ್ರೆ ಮಾತ್ರ ಈ ಲೆಕ್ಕ ಯಾವುದೂ ನಡೆಯಲ್ಲ, ಬಿರುಕಲ್ಲಿ ನೀರು ಎತ್ತ ಎಷ್ಟು ಬೇಗ ಓಡತ್ತೆ ಅಂತ ಐದು ಬಾವಿಯಿಂದ ಹೇಳೋಕಾಗಲ್ಲ, ಅಂಥ ಜಾಗದಲ್ಲಿ ಪ್ರಕೃತಿಗೆ ಬಿಡೋ ನಿರ್ಧಾರಕ್ಕೆ ನಾನು ಸುಲಭವಾಗಿ ಒಪ್ಪಲ್ಲ.

ಹೆದರಿಸೋಕೆ ಇಷ್ಟೆಲ್ಲ ಬರೀತಿಲ್ಲ, ಇನ್ನೊಂದು ಕಡೆಯ ಸಾಕ್ಷಿನೂ ಗಟ್ಟಿಯಾಗಿದೆ. 1995ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಲ್ಯಾಬಿನವರು ಕ್ಯಾಲಿಫೋರ್ನಿಯಾದ ಸೋರಿದ ಇಂಧನ ಟ್ಯಾಂಕ್‌ಗಳ ಡೇಟಾ ನೋಡಿದಾಗ ಬೆಂಜೀನ್ ಪ್ಲೂಮ್‌ಗಳು ಸಾಮಾನ್ಯವಾಗಿ 250 ಅಡಿಯೊಳಗೇ ನಿಂತಿದ್ವು, ಅಂದ್ರೆ ಸುಮಾರು 75 ಮೀಟರ್. ಮಿನೆಸೋಟಾದ ಬೆಮಿಡ್ಜಿ ಹತ್ರ 1979ರ ಆಗಸ್ಟ್‌ನಲ್ಲಿ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾ ತೈಲ ಚೆಲ್ಲಿತ್ತು, ಎತ್ತಿದಷ್ಟು ಎತ್ತಿ ಸುಟ್ಟಷ್ಟು ಸುಟ್ಟು ಉಳಿದ ಸುಮಾರು 4 ಲಕ್ಷ ಲೀಟರ್ ನೆಲದಲ್ಲೇ ಉಳೀತು, ಅಮೆರಿಕದ ಭೂವಿಜ್ಞಾನ ಸಂಸ್ಥೆಯವರು 1983ರಿಂದ ಅಲ್ಲಿ ಕೂತು ಅಳೀತಾನೇ ಇದಾರೆ. 1996ರ ಹೊತ್ತಿಗೆ ಎಣ್ಣೆ ಮುಂದೆ ಹೋಗಿದ್ದು 40 ಮೀಟರ್, ಕೆಟ್ಟ ನೀರು 200 ಮೀಟರ್. ಇದು ಒಳ್ಳೇ ಸುದ್ದಿ. ಆದ್ರೆ ಅದೇ ಸೈಟ್ ಕಲಿಸಿದ ಉಳಿದ ಪಾಠ ಯಾರೂ ಹೇಳಲ್ಲ, ಜೀವಿಗಳು ಉಸಿರಾಡ್ತಿದ್ದ ಮಣ್ಣಿನ ಐರನ್ ಮುಗೀತಾ ಬಂದ ಹಾಗೆ ಬೆಂಜೀನ್ ಮತ್ತೆ ಮುಂದೆ ಸರೀತು, ಐರನ್ ಕರಗಿದಾಗ ಅದಕ್ಕೆ ಅಂಟಿಕೊಂಡಿದ್ದ ಮಣ್ಣಿನದ್ದೇ ಆರ್ಸೆನಿಕ್ ಕೂಡ ನೀರಿಗೆ ಬಿಡುಗಡೆ ಆಯ್ತು. ಪ್ಲೂಮ್ ಇವತ್ತು ನಿಂತಿದೆ ಅಂದ್ರೆ ಉಗ್ರಾಣದಲ್ಲಿ ಸರಕು ಇರೋ ತನಕ ನಿಂತಿದೆ ಅಂತ. ಅದಕ್ಕೇ ನಿಮ್ಮ ಟೆಸ್ಟ್ ಪಟ್ಟಿಗೆ ಆರ್ಸೆನಿಕ್ ಕೂಡ ವರ್ಷಕ್ಕೊಮ್ಮೆ ಸೇರಿಸಿ. ನಿಮ್ಮ 5ನೇ ಬಾವಿ 60 ಮೀಟರ್‌ನಲ್ಲಿದೆ, ಬೋರ್‌ವೆಲ್ ಅದರಾಚೆ 150, ಆ 250 ಅಡಿ ಲೆಕ್ಕ ನಿಮ್ಮ ಪರವಾಗೇ ಇರ್ಬಹುದು, ಆದ್ರೆ ಬೇರೆಯವರ ಸರಾಸರಿ ತೋರಿಸಿ ನಿಮ್ಮ ಬೋರ್‌ವೆಲ್ ಸೇಫ್ ಅಂತ ಬರೆಯೋಕಾಗಲ್ಲ.

ಅಷ್ಟೆಲ್ಲಾ ಮಾಡಿದ್ಮೇಲೂ ಅನುಮಾನ ಉಳಿದ್ರೆ ನೇರ ಸಾಕ್ಷಿ ತೆಗೆಯೋ ದಾರಿ ಇವೆ. ನನಗೆ ಹೆಚ್ಚು ನಂಬಿಕೆ ಇರೋದು ಕಾರ್ಬನ್ ಐಸೋಟೋಪ್ ಟೆಸ್ಟ್ ಮೇಲೆ. ಜೀವಿಗಳು ಹಗುರವಾದ ಕಾರ್ಬನ್-12 ಇರೋ ಬೆಂಜೀನನ್ನ ಕೂದಲೆಳೆಯಷ್ಟು ಬೇಗ ಒಡೀತವೆ, ಹಾಗಾಗಿ ಉಳಿದ ಬೆಂಜೀನ್‌ನಲ್ಲಿ ಭಾರದ ಕಾರ್ಬನ್-13 ಪಾಲು ಹೆಚ್ತಾ ಹೋಗತ್ತೆ. ನೀರು ಬೆರೆತು ತೆಳುವಾದ್ರೆ ಈ ಪಾಲು ಬದಲಾಗಲ್ಲ, ಅದಕ್ಕೇ ಇದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಮೂಲದ ಬಾವಿಗೂ ದೂರದ ಬಾವಿಗೂ ಸಾವಿರಕ್ಕೆ 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಒಡೀತಿದೆ ಅಂತ ಸಾಮಾನ್ಯವಾಗಿ ಒಪ್ತಾರೆ, ಬರ್ಲಿಲ್ಲ ಅಂದ ಮಾತ್ರಕ್ಕೆ ಒಡೀತಿಲ್ಲ ಅಂತಲ್ಲ. ಟಾಲೀನ್ ಒಡೆದಾಗ ಹುಟ್ಟೋ ಬೆಂಜೈಲ್‌ಸಕ್ಸಿನೇಟ್ ಅನ್ನೋ ವಸ್ತು ನೀರಲ್ಲಿ ಸಿಕ್ರೂ ಆಕ್ಸಿಜನ್ ಇಲ್ಲದೆ ಕೆಲಸ ನಡೀತಿದೆ ಅಂತ ಗಟ್ಟಿ ಗುರುತು, ಯಾಕಂದ್ರೆ ಅದು ಪೆಟ್ರೋಲ್‌ನಲ್ಲಿ ಮೊದಲೇ ಇರೋ ವಸ್ತು ಅಲ್ಲ. ಡೀಸೆಲ್‌ಗೆ ಇನ್ನೂ ಸುಲಭ, ಅದರಲ್ಲಿ ಸಿ-17 ಅನ್ನೋ ನೇರ ಸರಪಳಿಯ ಹೈಡ್ರೋಕಾರ್ಬನ್ನೂ ಪ್ರಿಸ್ಟೇನ್ ಅನ್ನೋ ಕವಲೊಡೆದ ಹೈಡ್ರೋಕಾರ್ಬನ್ನೂ ಅಕ್ಕಪಕ್ಕ ಇರ್ತವೆ, ಆವಿಯಾಗೋದ್ರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ, ಆದ್ರೆ ಜೀವಿಗಳಿಗೆ ನೇರ ಸರಪಳಿನೇ ಇಷ್ಟ. ಹಾಗಾಗಿ ಸಿ-17ರ ಪಾಲು ಪ್ರಿಸ್ಟೇನ್‌ಗೆ ಹೋಲಿಸಿದ್ರೆ ಕುಸಿದಿದ್ರೆ ಅದು ತಿಂದಿದ್ದರ ಗುರುತು. ಡೀಸೆಲ್ ಟಿಪಿಎಚ್, ಅಂದ್ರೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ನಂಬರ್ ಒಂದನ್ನೇ ನೋಡಿದ್ರೆ ಇದು ಗೊತ್ತಾಗಲ್ಲ, ಅರ್ಧ ಒಡೆದ ವಸ್ತುಗಳೂ ಅದೇ ಟೆಸ್ಟಿನಲ್ಲಿ ಎಣಿಕೆಯಾಗ್ತವೆ.

ಮಣ್ಣಲ್ಲಿ ಉಳಿದಿರೋ ಎಣ್ಣೆ ಎಷ್ಟು ಬೇಗ ಕರಗ್ತಿದೆ ಅಂತ ನೋಡೋಕೆ ನೆಲದ ಮೇಲಿಂದ ಹೊರಬರೋ ಕಾರ್ಬನ್ ಡೈಆಕ್ಸೈಡ್ ಅಳೆಯೋ ವಿಧಾನ ಈಗ ಚೆನ್ನಾಗಿ ಬೆಳೆದಿದೆ. ಗಿಡದ ಬೇರು, ಸಾಮಾನ್ಯ ಮಣ್ಣು ಬಿಡೋ ಗ್ಯಾಸನ್ನ ಕಳೀಬೇಕು, ಅದಕ್ಕೆ ಕಾರ್ಬನ್-14 ಸಹಾಯಕ್ಕೆ ಬರತ್ತೆ, ಕೋಟ್ಯಂತರ ವರ್ಷ ಹಳೇ ತೈಲದಲ್ಲಿ ಅದು ಉಳಿದಿರಲ್ಲ, ಇವತ್ತಿನ ಗಿಡದಲ್ಲಿ ಇರತ್ತೆ. ಹೀಗೆ ಅಳೆದ ಸೈಟ್‌ಗಳಲ್ಲಿ ಎಕರೆಗೆ ವರ್ಷಕ್ಕೆ ನೂರಾರು ಗ್ಯಾಲನ್‌ನಿಂದ ಕೆಲವು ಸಾವಿರ ಗ್ಯಾಲನ್ ತನಕ ಎಣ್ಣೆ ತಾನೇ ಕರಗಿರೋದು ಕಂಡಿದೆ, ಪಂಪ್ ಹಾಕಿ ಎಣ್ಣೆ ಹೀರೋ ಎಷ್ಟೋ ಯೋಜನೆಗಳಿಗಿಂತ ಇದು ಜಾಸ್ತಿ. ಆದ್ರೆ ಅದೇ ಕೆಲಸದಲ್ಲಿ ಮೀಥೇನ್ ಕೂಡ ಹುಟ್ಟತ್ತೆ, ಗಾಳಿಯಲ್ಲಿ 5ರಿಂದ 15 ಪರ್ಸೆಂಟ್ ಇದ್ರೆ ಕಿಡಿಗೆ ಸಿಡಿಯತ್ತೆ. ನೀವು ಸೇಫ್ಟಿಯವರು, ಆ ಜಾಗದ ಹತ್ರ ಬೇಸ್‌ಮೆಂಟ್, ಕೇಬಲ್ ಟ್ರೆಂಚ್, ಮುಚ್ಚಿದ ಪಂಪ್ ರೂಮ್ ಏನಾದ್ರೂ ಇದ್ರೆ ಮಣ್ಣಿನ ಗ್ಯಾಸ್ ಒಮ್ಮೆ ಅಳೆಸ್ಲೇಬೇಕು, ಬೆಂಜೀನ್ ಆವಿಯನ್ನೂ ಸೇರಿಸಿ.

ಪ್ರಕೃತಿಗೆ ಬಿಡೋದು ಅಂದ್ರೆ ಏನೂ ಮಾಡದೇ ಇರೋದು ಅಂತ ಕೆಲವರು ಅರ್ಥ ಮಾಡ್ಕೊಂಡಿದಾರೆ, ಇಪಿಎ 1999ರ ಮಾರ್ಗಸೂಚಿಯಲ್ಲೇ ಅದನ್ನ ಅಲ್ಲ ಅಂತ ಹೇಳಿದೆ, ಮೂಲವನ್ನ ಹಿಡಿತಕ್ಕೆ ತಂದಿರ್ಬೇಕು, ಪ್ಲೂಮ್ ಬೆಳೀತಿರಬಾರ್ದು, ಕೈಕೊಟ್ರೆ ಏನು ಮಾಡ್ತೀವಿ ಅನ್ನೋದು ಮೊದಲೇ ಬರ್ದಿರ್ಬೇಕು. ನಿಮ್ಮಲ್ಲಿ ಟ್ಯಾಂಕ್ ತೆಗೆದಿದೀರಿ, ಆದ್ರೆ ಅದರಡಿ ನೆನೆದ ಮಣ್ಣು ಎಷ್ಟಿದೆ, ಡೀಸೆಲ್ ಲೈನ್ ಪೂರ್ತಿ ಬಂದ್ ಆಗಿದೆಯಾ ಅಂತ ನೀವು ಬರ್ದಿಲ್ಲ. ಆ ಗುಂಡಿ ಸುತ್ತ ನಾಲ್ಕಾರು ಕಡೆ ಬೋರ್ ಹಾಕ್ಸಿ ಮಣ್ಣು ನೋಡ್ಸಿ, ನೆನೆದ ಮಣ್ಣು ಸಣ್ಣ ಜಾಗದಲ್ಲಿದ್ರೆ ತೆಗೆದುಬಿಡಿ ಅಂತಲೇ ನನ್ನ ಸಲಹೆ, ದೊಡ್ಡದಿದ್ರೆ ಆವಿ ಎಳೆಯೋದೋ ಗಾಳಿ ಊದೋದೋ ಯೋಚಿಸ್ಬಹುದು. ಮೂಲ ತೆಗೆದ ಮೇಲೆ ಉಳಿದಿದ್ದನ್ನ ಮಣ್ಣಿಗೆ ಬಿಡೋದು ತುಂಬಾ ಒಳ್ಳೇ ಯೋಜನೆ, ಮೂಲ ಇಟ್ಕೊಂಡು ಬಿಡೋದು ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

5ನೇ ಬಾವಿಗೂ ಬೋರ್‌ವೆಲ್‌ಗೂ ಮಧ್ಯ ಕನಿಷ್ಠ ಎರಡು ಕಾವಲು ಬಾವಿ ಹಾಕ್ಸಿ, ಒಂದು ನೇರ ದಾರಿಯಲ್ಲಿ, ಒಂದು ಸ್ವಲ್ಪ ಪಕ್ಕಕ್ಕೆ, ಆಚೆ ಜಾಗದವರ ಒಪ್ಪಿಗೆ ಬೇಕಾಗತ್ತೆ, ಅದಕ್ಕೆ ಅವರಿಗೆ ವಿಷಯ ಬಿಡಿಸಿ ಹೇಳ್ಬೇಕಾಗತ್ತೆ, ಹೇಳಿ. ಅವರು ಕುಡಿಯೋ ನೀರು ಅದು. ರಿಪೋರ್ಟ್ ವಿಷಯಕ್ಕೆ, ಕನ್ಸಲ್ಟೆಂಟ್‌ಗೆ ಜಗಳ ಆಡದೆ ಲಿಖಿತವಾಗಿ ಮೂರೇ ಮಾತು ಕೇಳಿ: 5ನೇ ಬಾವಿಯ 12 ಎರರ್ ಅನ್ನೋಕೆ ಆಧಾರ ಏನು, ಇಳಿಕೆಯಲ್ಲಿ ಒಡೆದಿದ್ದೆಷ್ಟು ತೊಳೆದು ಹೋಗಿದ್ದೆಷ್ಟು, ಕಾವಲು ಬಾವಿಯಲ್ಲಿ ಎಷ್ಟು ಬಂದ್ರೆ ನಾವು ಯೋಜನೆ ಬದಲಾಯಿಸ್ತೀವಿ. ಉತ್ತರ ಬಂದ ಮೇಲೆ ಆರೂ ರೌಂಡಿನ ಪೂರ್ತಿ ಟೇಬಲ್, ಬಿಟೆಕ್ಸ್ ನಾಲ್ಕೂ ಬೇರೆ ಬೇರೆ, ನೀರಿನ ಮಟ್ಟ, ಬಾವಿಗಳ ಜಾಲರಿ ಎಷ್ಟು ಆಳದಿಂದ ಎಷ್ಟು ಆಳಕ್ಕಿದೆ ಅನ್ನೋದು ಸೇರಿಸಿ ಕಳ್ಸಿ, ಮತ್ತೆ ಕೂತು ನೋಡ್ತೀನಿ. ಬೋರ್‌ವೆಲ್ ಟೆಸ್ಟ್ ಮಾತ್ರ ಅದಕ್ಕೆಲ್ಲ ಕಾಯದೆ ಈ ವಾರವೇ ಆಗ್ಲಿ.